ಹೊಳೆಯಾಚೆಯ ವಾಸನೆ

ಹರಿಹರದಲ್ಲಿ ಕೆಟ್ಟ ವಾಸನೆ ಬಂದರೆ ಜನರು ಮೊದಲು ಹೊಳೆಯ ಕಡೆಗೆ ಮುಖ ಮಾಡುತ್ತಾರೆ. ತುಂಗಭದ್ರೆಯ ಆಚೆ ದಡದಲ್ಲಿ ಕಾರ್ಖಾನೆಗಳಿವೆ. ಮೂಗಿಗೆ ಹಿಡಿಸದ್ದು ಏನು ಬಂದರೂ ಅವುಗಳ ಲೆಕ್ಕಕ್ಕೆ ಬರೆಯುವುದು ಊರಿನ ರೂಢಿ. ಕಳೆದ ರಮಝಾನಿನ ಮುನ್ನಾ ದಿನಗಳಲ್ಲಿ ನನ್ನ ಅಕ್ಕನೂ ಹಾಗೆಯೇ ಬರೆದಿದ್ದಳು. "ಗಾಳಿ ತಿರುಗಿದೆ, ನಾಲ್ಕು ದಿನದಲ್ಲಿ ಹೋಗುತ್ತದೆ" ಎಂದು ಫೋನಿನಲ್ಲಿ ಹೇಳಿದಳು. ನಾಲ್ಕು ದಿನ ನಾಲ್ಕು ವಾರವಾಯಿತು.

ಆಕೆಯ ಮನೆ ಊರಂಚಿನ ಹೊಸ ಬಡಾವಣೆಯಲ್ಲಿದೆ. ಅಲ್ಲಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗ ಮನೆ ಕಟ್ಟಿಸುವಾಗ ಹಳೆಯ ಬಗೆಯ ಗುಂಡಿ ಬೇಡವೆಂದು ಏರೋಬಿಕ್ ಸೆಪ್ಟಿಕ್ ಟ್ಯಾಂಕ್ ಹಾಕಿಸಿದ್ದ. ಅದರಲ್ಲಿ ಮೂರು ಕೋಣೆಗಳು. ಮೊದಲನೆಯದರಲ್ಲಿ ಗಟ್ಟಿ ಪದಾರ್ಥ ತಳಕ್ಕಿಳಿಯುತ್ತದೆ. ಎರಡನೆಯದಕ್ಕೆ ಸಣ್ಣದೊಂದು ಏರ್ ಪಂಪು ಸದಾ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಊದುತ್ತಿರುತ್ತದೆ; ಆ ಗಾಳಿಯನ್ನು ಉಸಿರಾಡುವ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಕರಗಿಸುತ್ತವೆ. ಮೂರನೆಯದರಲ್ಲಿ ನೀರು ತಿಳಿಯಾಗಿ ಹೊರಬರುತ್ತದೆ. ಸರಿಯಾಗಿ ನಡೆಯುವ ಇಂಥ ಟ್ಯಾಂಕಿನ ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣಿನಂಥ ವಾಸನೆ ಬರಬೇಕೇ ಹೊರತು ಕೊಳೆತ ಮೊಟ್ಟೆಯ ವಾಸನೆಯಲ್ಲ.

ಇದನ್ನೆಲ್ಲ ನಾನು ಆಮೇಲೆ ಕಲಿತೆ. ಆ ಭಾನುವಾರ ದಾವಣಗೆರೆಯಿಂದ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು ಸಂಗತಿ. ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಆ ಕಿಟಕಿ ಅಕ್ಕನ ಹಿತ್ತಿಲಿಗೆ, ಅಂದರೆ ಟ್ಯಾಂಕಿನ ಕಡೆಗೆ ತೆರೆಯುತ್ತದೆ. ಯುಗಾದಿಯ ಹೋಳಿಗೆ ಈಚೆ ಬಂದದ್ದೂ ಈದ್‌ನ ಶೀರ್‌ಖುರ್ಮಾ ಆಚೆ ಹೋದದ್ದೂ ಅದೇ ಕಿಟಕಿಯಿಂದ. ಮಾರ್ಚ್ ತಿಂಗಳ ಸೆಕೆಯಲ್ಲಿ ಒಲೆಯ ಮುಂದೆ ನಿಲ್ಲುವವರು ಕಿಟಕಿ ಮುಚ್ಚಿಕೊಂಡಿದ್ದಾರೆಂದರೆ ಅದಕ್ಕೆ ಕಾರಣ ಇರಲೇಬೇಕು.

"ಆಪಾ, ಆ ಕಿಟಕಿ ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದೆ. ಅಕ್ಕ ಉತ್ತರಿಸಲಿಲ್ಲ.

ನೆರೆಯವನು ಯಾರ ಉಪದ್ರವದಿಂದ ನಿರ್ಭಯನಾಗಿರುವುದಿಲ್ಲವೋ ಅಂಥವನ ಈಮಾನಿನ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಕಠಿಣವಾಗಿ ಎಚ್ಚರಿಸಿದ್ದಾರೆಂಬುದನ್ನು ಮಕ್ಕಳಿಗೆ ಪ್ರತಿವರ್ಷ ಪಾಠ ಹೇಳುವವನು ನಾನು. ಅಡುಗೆಯ ಪರಿಮಳದಿಂದಲೂ ನೆರೆಯವನನ್ನು ನೋಯಿಸಬಾರದೆಂಬ ಇನ್ನೊಂದು ವರದಿಯೂ ಪ್ರಚಾರದಲ್ಲಿದೆ. ಅದರ ಸನದು ದುರ್ಬಲವಾದ್ದರಿಂದ ನಾನು ಅದನ್ನು ಆಧಾರವಾಗಿ ಇಡುವುದಿಲ್ಲ. ಆದರೆ ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಲಿ ಎಂದು ಹೇಳಿರುವುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬೆಳ್ಳುಳ್ಳಿ ಹಲಾಲ್ ಆಹಾರ. ಅದರ ವಾಸನೆಯಿಂದ ಇನ್ನೊಬ್ಬರಿಗೆ ಆಗುವ ತೊಂದರೆಗೇ ಅಷ್ಟು ಮಹತ್ವವಿರುವಾಗ ನಮ್ಮ ಹಿತ್ತಿಲಿನದರ ಬಗ್ಗೆ ಏನು ಹೇಳುವುದು?

ಹಿತ್ತಿಲಿಗೆ ಹೋದಾಗ ಎದೆ ಝಲ್ಲೆಂದಿತು. ಅಕ್ಕ ಯಾರಿಂದಲೋ ಹೇಳಿಸಿ ಇಬ್ಬರು ಕೂಲಿಯವರನ್ನು ಕರೆಸಿದ್ದಳು. ಟ್ಯಾಂಕಿನ ಮುಚ್ಚಳ ತೆಗೆದಿತ್ತು. ಹದಿಹರೆಯ ದಾಟಿದ ಒಬ್ಬ ಹುಡುಗ ಅಂಗಿ ಕಳಚಿ ಹಗ್ಗ ಕಟ್ಟಿಕೊಳ್ಳುತ್ತಿದ್ದ. ನಾನು ತಡೆದೆ. ಜೊತೆಗಿದ್ದ ಹಿರಿಯ ಹೇಳಿದ: "ಏನೂ ಆಗಲ್ಲ ಬಿಡ್ರಿ ಸರ್, ಮುಚ್ಚಳ ತೆಗೆದು ಬಾಳ ಹೊತ್ತಾತು, ಈಗ ವಾಸನೀನೇ ಇಲ್ಲ."

ಆ ಮಾತಿನಲ್ಲೇ ಸಾವು ಅಡಗಿದೆ. ಗಾಳಿಯಿಲ್ಲದೆ ಕೊಳೆಯುವ ಹೊಲಸಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪವಿದ್ದಾಗ ಮೂಗಿಗೆ ತಟ್ಟನೆ ತಿಳಿಯುತ್ತದೆ. ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ನಮ್ಮ ದೇಶದಲ್ಲಿ ಈ ಬಗೆಯ ಸಾವುಗಳು ಮತ್ತೆ ಮತ್ತೆ ಸಂಭವಿಸಿವೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರವೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಾನೂನನ್ನು ಬದಿಗಿಟ್ಟರೂ, ನಮ್ಮ ಮನೆಯ ಹೊಲಸಿಗಾಗಿ ಇನ್ನೊಬ್ಬ ತಾಯಿಯ ಮಗನನ್ನು ಗುಂಡಿಗಿಳಿಸಿ ನಾವು ವುಝೂ ಮಾಡಿ ಸಫ್‌ನಲ್ಲಿ ನಿಲ್ಲುವುದು ಹೇಗೆ? ಇಬ್ಬರಿಗೂ ಆ ದಿನದ ಕೂಲಿ ಕೊಟ್ಟು, ಚಹಾ ಕುಡಿಸಿ ಕಳಿಸಿದೆ. ಹುಡುಗನಿಗೆ ನಾನು ಹುಚ್ಚನೆನಿಸಿರಬೇಕು.

ಮರುದಿನ ಸಕ್ಕಿಂಗ್ ಮಷೀನಿನ ಲಾರಿ ಬಂತು. ಟ್ಯಾಂಕ್ ಕೂಡಿಸಿದ್ದ ಮೆಕ್ಯಾನಿಕ್ಕೂ ಬಂದ. ಅವನು ಮೊದಲು ಮಾಡಿದ ಕೆಲಸವೆಂದರೆ ಕಿವಿಗೊಟ್ಟು ಕೇಳಿದ್ದು. ಪಂಪಿನ ಗುಂಯ್‌ಗುಡುವ ಸದ್ದು ಇರಲಿಲ್ಲ.

ರಾತ್ರಿ ಸದ್ದಿಗೆ ಮೊಮ್ಮಗು ಏಳುತ್ತದೆಂದು ಅಕ್ಕ ಸ್ವಿಚ್ ಆರಿಸುತ್ತಿದ್ದಳು. ಕರೆಂಟೂ ಉಳಿಯುತ್ತದಲ್ಲ ಎಂದು ಕ್ರಮೇಣ ಹಗಲೂ ಆರಿಸತೊಡಗಿದಳು. ಉಳಿತಾಯವಾದರೂ ಎಷ್ಟು? 60 ವ್ಯಾಟಿನ ಪಂಪು ದಿನವಿಡೀ ನಡೆದರೆ ಒಂದೂವರೆ ಯೂನಿಟ್ಟಿಗೂ ಕಡಿಮೆ, ತಿಂಗಳಿಗೆ 43 ಯೂನಿಟ್. ಗಾಳಿ ನಿಂತ ಕೆಲವೇ ಗಂಟೆಗಳಲ್ಲಿ ಗಾಳಿ ಬೇಕಾದ ಜೀವಿಗಳು ಸೊರಗುತ್ತವೆ. ಗಾಳಿ ಬೇಡದವು ಅಧಿಕಾರ ವಹಿಸಿಕೊಳ್ಳುತ್ತವೆ. ವಾಸನೆ ಬಂದಾಗ ಅಕ್ಕ ಬಾಟಲಿಗಟ್ಟಲೆ ಫಿನಾಯಿಲೂ ಆಸಿಡ್ಡೂ ಸುರಿದಿದ್ದಳು. ಉಳಿದಿದ್ದ ಒಳ್ಳೆಯ ಜೀವಿಗಳೂ ಅದರಿಂದ ಸತ್ತವು. ಶುಚಿಯ ಹಂಬಲದಿಂದಲೇ ಹೊಲಸು ಹೆಚ್ಚಿತು. ಅಕ್ಕನನ್ನು ದೂರುವ ಹಾಗಿಲ್ಲ. ಟ್ಯಾಂಕಿನೊಳಗೆ ಜೀವವಿದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಪಂಪಿನ ಫಿಲ್ಟರಿನಲ್ಲಿ ಬೆರಳು ದಪ್ಪದ ಧೂಳು ಕೂತಿತ್ತು, ಒಳಗಿನ ರಬ್ಬರ್ ಪೊರೆ ಹರಿದಿತ್ತು. ಎರಡನ್ನೂ ಬದಲಿಸಿದರು. ತಾರಸಿಗಿಂತ ಕೆಳಗೇ ನಿಂತಿದ್ದ ಗಾಳಿಕೊಳವೆಯನ್ನು ಎತ್ತರಿಸಿದರು. ಅದರ ಬಾಯಿಯ ಸೊಳ್ಳೆಬಲೆಯೂ ಕಟ್ಟಿಕೊಂಡಿತ್ತು. ಮನೆಯೊಳಗಿನ ವಾಸನೆಗೆ ಇನ್ನೊಂದು ಕಾರಣವಿತ್ತು. ಬಳಸದೆ ಬಿಟ್ಟ ಅತಿಥಿಗಳ ಸ್ನಾನದ ಮನೆಯಲ್ಲಿ ನೆಲದ ಜಾಲರಿಯ ಕೆಳಗೆ ಸದಾ ನಿಂತಿರಬೇಕಾದ ನೀರು ಒಣಗಿಹೋಗಿ ಕೊಳವೆಯ ಅನಿಲ ನೇರವಾಗಿ ಒಳಬರುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ತಂಬಿಗೆ ನೀರು ಮಾತ್ರ. ಇಷ್ಟೆಲ್ಲ ಆದರೂ ವಾಸನೆ ಅಂದೇ ಹೋಗಲಿಲ್ಲ. ಸೂಕ್ಷ್ಮಜೀವಿಗಳು ಮತ್ತೆ ಬೆಳೆಯಲು ಮೂರು ವಾರ ಹಿಡಿಯಿತು.

ಆ ವಾರಗಳಲ್ಲಿ ಅಕ್ಕ ಒಂದು ಮಸ್‌ಅಲಾ ಕೇಳಿದಳು: ಹೊರಬರುವ ತಿಳಿನೀರು ಪಾಕ್ ಆಗಿದೆಯೇ? ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಗ್ರಂಥಗಳು ತಹಾರತ್‌ನ ಅಧ್ಯಾಯದಿಂದಲೇ ಆರಂಭವಾಗುತ್ತವೆ. ನೀರಿನ ಬಣ್ಣ, ರುಚಿ, ವಾಸನೆ ಎಂಬ ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆವು. ಮೂಗು ಕೂಡ ಫಿಕ್ಹ್‌ನ ಒಂದು ಸಾಧನವೆಂದು ಆಗ ನನಗೆ ಹೊಳೆದಿರಲಿಲ್ಲ. ಶುದ್ಧೀಕರಣದಿಂದ ಈ ಮೂರೂ ಮೂಲಸ್ಥಿತಿಗೆ ಮರಳಿದ ನೀರು ಪಾಕ್ ಎಂದು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ತೀರ್ಮಾನಿಸಿದೆ. ಆದರೆ ಅದು ದೊಡ್ಡ ಘಟಕಗಳಲ್ಲಿ ಹಲವು ಹಂತಗಳನ್ನು ದಾಟಿದ ನೀರಿನ ಮಾತು. ಮನೆಯ ಟ್ಯಾಂಕಿನ ನೀರಿಗೆ ಅದನ್ನು ಅನ್ವಯಿಸುವ ಧೈರ್ಯ ನನಗಿಲ್ಲ. "ತೆಂಗಿನ ಬುಡಕ್ಕೆ ಬಿಡಿ ಆಪಾ, ಬಟ್ಟೆಗೆ ತಾಗಿದರೆ ತೊಳೆದುಕೊಳ್ಳಿ" ಎಂದೆ. ಹೊಳೆಗೆ ಸೇರುವ ಚರಂಡಿಗಂತೂ ಬೇಡವೆಂದೆ. ಜನರು ನೀರು ತರುವ ತಾಣಗಳಲ್ಲಿ ಹೊಲಸು ಮಾಡುವುದನ್ನು ಪ್ರವಾದಿವರ್ಯರು(ಸ) ಶಾಪಕ್ಕೆ ಕಾರಣವಾಗುವ ಕೆಲಸವೆಂದು ಎಣಿಸಿದ್ದಾರೆ. ದಾವಣಗೆರೆಯ ನಮ್ಮ ನಲ್ಲಿಗೆ ಬರುವುದೂ ಇದೇ ತುಂಗಭದ್ರೆಯ ನೀರು.

ಕೊನೆಗೆ ಅಕ್ಕ ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿದಳು. ಅಜ್ಜಿ ನಕ್ಕುಬಿಟ್ಟರಂತೆ: "ಅಯ್ಯೋ ತಾಯಿ, ನಾನೂ ಹೊಳೀ ಆಚೀದೇ ವಾಸನೆ ಅನ್ಕೊಂಡಿದ್ದೆ." ನಿಜವಾಗಿಯೂ ಹಾಗೆಂದುಕೊಂಡಿದ್ದರೋ, ಅಕ್ಕನ ಮರ್ಯಾದೆ ಉಳಿಸಲು ಹಾಗೆ ಹೇಳಿದರೋ ಅಲ್ಲಾಹನೇ ಬಲ್ಲ. ಕಾರ್ಖಾನೆಯ ವಾಸನೆಯೆಂದು ನಂಬಿದ್ದರೆ ನಮ್ಮ ಹಿತ್ತಿಲ ಕಡೆಯ ಒಂದೇ ಕಿಟಕಿಯನ್ನು ಏಕೆ ಮುಚ್ಚುತ್ತಿದ್ದರು ಎಂಬ ಪ್ರಶ್ನೆಯನ್ನು ನಾನು ಅಕ್ಕನ ಮುಂದೆ ಎತ್ತಲಿಲ್ಲ.

ಈಗ ಪಂಪಿನ ಕೆಳಗೆ ಹಳೆಯ ರಬ್ಬರ್ ಮ್ಯಾಟಿನ ತುಂಡೊಂದನ್ನು ಇಟ್ಟಿದ್ದೇವೆ, ಸದ್ದು ಅರ್ಧಕ್ಕಿಳಿದಿದೆ. ಶುಕ್ರವಾರದ ಸ್ನಾನಕ್ಕೆ ಮುಂಚೆ ಅತಿಥಿಗಳ ಸ್ನಾನದ ಮನೆಗೆ ಒಂದು ತಂಬಿಗೆ ನೀರು ಬೀಳುತ್ತದೆ. ಫಿಲ್ಟರ್ ತೊಳೆಯುವ ತಾರೀಖನ್ನು ಅಕ್ಕ ಇಫ್ತಾರ್ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ.