ಕ್ರೋಮಿನ ಕೆಳಗಿನ ಎಲೆ

ಪ್ಲೇಟಿಂಗ್ ಆಗಿ ಬಂದ ಟ್ಯಾಂಕ್ ಕ್ಯಾಪನ್ನು ಮೊನ್ನೆ ಸಂಜೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲೇ ಬಿಚ್ಚಿ ನೋಡಿದೆ. ಮನೆ ಮುಟ್ಟುವತನಕ ತಡೆದುಕೊಳ್ಳಲು ಆಗಲಿಲ್ಲ. ಅಂಗೈಯಲ್ಲಿ ಕೂರುವಷ್ಟು ಕ್ಯಾಪು, ಅದರ ನೆತ್ತಿಯ ಮೇಲೆ ನಾನು ಹನ್ನೊಂದು ರಾತ್ರಿ ಕೂತು ಕೆತ್ತಿದ ಹೊಗೆಸೊಪ್ಪಿನ ಎಲೆ. ನೇರ ಹಿಡಿದರೆ ಬರೀ ಹೊಳಪು. ಒಂಚೂರು ಓರೆ ಮಾಡಿದರೆ ಸಾಕು, ನಡುನರದಿಂದ ಒಂದೊಂದೇ ಕವಲಿಗೆ ಬೆಳಕು ಹತ್ತಿಕೊಂಡು ಅಂಚಿನವರೆಗೆ ಓಡುತ್ತದೆ. ಪಿರಿಯಾಪಟ್ಟಣದ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಕ್ಯಾಪು ಅಪ್ಪನ ಯೆಜ್ಡಿ ಬೈಕಿನದು. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಹೊಗೆಸೊಪ್ಪಿಗೆ ಒಳ್ಳೇ ರೇಟು ಸಿಕ್ಕ ವರ್ಷ ಕೊಂಡಿದ್ದು. ನಮ್ಮ ಕಡೆಯವರಿಗೆ ಅದು ಹೊರಗಿನಿಂದ ಬಂದ ಗಾಡಿಯಲ್ಲ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. ಹಳೇ ಜಾವಾದ ಟ್ಯಾಂಕಿನ ಎರಡು ಪಕ್ಕೆಗೂ ಕ್ರೋಮ್, ಅದರ ಸುತ್ತ ಬಂಗಾರದ ಬಣ್ಣದ ಸಣ್ಣ ಗೆರೆ. ಗಾಡಿಗೆ ಸಿಂಗಾರ ಬೇಕು ಅನ್ನುವುದನ್ನು ನಮ್ಮ ಕಣ್ಣಿಗೆ ಕಲಿಸಿದ್ದೇ ಆ ಟ್ಯಾಂಕು.

ಈಗ ಜಗಳಕ್ಕೆ ಬರುತ್ತೇನೆ. ಕೆತ್ತನೆ ಮೊದಲು, ಕ್ರೋಮ್ ಆಮೇಲೆ. ಇಷ್ಟು ಸಣ್ಣ ಮಾತು ಯಾಕೆ ತಲೆಗೆ ಹೋಗುವುದಿಲ್ಲವೋ! ಪಾತ್ರೆ ಅಂಗಡಿಯ ಕರೆಂಟ್ ಪೆನ್ನು ತಂದು, ಮಿರಿಮಿರಿ ಮಿಂಚುವ ಸೈಲೆನ್ಸರ್ ಮೇಲೆ ಗರ್ರನೆ ಆಡಿಸಿ, ಒಂದು ತಲೆಬುರುಡೆ ಬಿಡಿಸಿ, ಇದೇ ಕೆತ್ತನೆ ಅನ್ನುತ್ತಾರೆ. ಸಿಂಗಾರದ ಕ್ರೋಮ್ ಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೂ ದಪ್ಪ ಇರುವುದಿಲ್ಲ. ಕೆಳಗಿರುವ ನಿಕ್ಕಲ್ ಅದರ ಹತ್ತಾರು ಪಟ್ಟು ದಪ್ಪ. ನಾವು ಕ್ರೋಮಿನ ಹೊಳಪು ಅಂತ ಮೆಚ್ಚುವುದು ಬಹುಪಾಲು ಆ ನಿಕ್ಕಲಿನ ಹೊಳಪನ್ನೇ. ಕ್ರೋಮ್ ಅದಕ್ಕೆ ಕಾವಲು. ಕಾವಲನ್ನು ಸೀಳಿ, ನಿಕ್ಕಲನ್ನೂ ಸೀಳಿ ಕಬ್ಬಿಣ ಮುಟ್ಟಿಸಿದರೆ ಎರಡು ಮಳೆಗೆ ಗೆರೆಗೆರೆಯಲ್ಲೂ ತುಕ್ಕು ಜಿನುಗುತ್ತದೆ. ಮೂರನೇ ಮಳೆಗೆ ಪಕ್ಕದ ಕ್ರೋಮ್ ಹಕ್ಕಳೆಯಾಗಿ ಏಳುತ್ತದೆ. ಅಂಥ ಸೈಲೆನ್ಸರನ್ನು ತಂದು ನನ್ನ ಮುಂದೆ ನಿಲ್ಲಿಸಿ "ಸರಿ ಮಾಡ್ಕೊಡಿ ಅಣ್ಣ" ಅಂದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಗಾಡಿಯವನ ಮೇಲಲ್ಲ, ಇನ್ನೂರು ರೂಪಾಯಿಗೆ ಅದನ್ನು ಗೀಚಿ ಕಳಿಸಿದವನ ಮೇಲೆ.

ಮೆತ್ತಗಿದ್ದಾಗ ಕೆತ್ತು, ಆಮೇಲೆ ಗಟ್ಟಿಯಾಗಲಿ ಅನ್ನುವುದು ನಮ್ಮ ನಾಡಿನ ಹಳೇ ಬುದ್ಧಿ. ಸೋಮನಾಥಪುರದ ಗುಡಿಯ ಬಳಪದ ಕಲ್ಲು ಗಣಿಯಿಂದ ಎದ್ದಾಗ ಉಳಿಗೆ ಒಗ್ಗುವಷ್ಟು ಮೃದು, ಗಾಳಿ ಮುಟ್ಟುತ್ತ ಮುಟ್ಟುತ್ತ ಬಿಗಿಯುತ್ತದೆ. ಬೀದರಿನ ಬಿದ್ರಿಯವರೂ ಸತು-ತಾಮ್ರದ ಎರಕದ ಮೇಲೆ ಮೊದಲು ಕೆತ್ತಿ, ಬೆಳ್ಳಿ ಕೂರಿಸಿ, ಕಟ್ಟಕಡೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಏರಿಸುತ್ತಾರೆ. ಕಪ್ಪು ಏರಿಸಿದ ಮೇಲೆ ಕೆತ್ತಲು ಕೂರುವ ಬಿದ್ರಿಯವನು ಎಲ್ಲಾದರೂ ಇದ್ದಾನೆಯೇ?

ಬಿದ್ರಿಯವರಿಂದ ಇನ್ನೊಂದನ್ನು ಕಲಿತೆ, ತಿರುಗುಮುರುಗಾಗಿ. ಹೊಳೆಯುವ ಲೋಹದ ಮೇಲೆ ಗೆರೆ ಕಾಣುವುದಿಲ್ಲವೆಂದು ಅವರು ಮೊದಲು ಮೈಲುತುತ್ತದ ನೀರು ಸವರಿ ಮೈಯನ್ನು ಕಪ್ಪು ಮಾಡಿಕೊಳ್ಳುತ್ತಾರೆ. ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ನಾನು ವಿಭೂತಿ ಹಚ್ಚುತ್ತೇನೆ. ಹಳೇ ಕ್ರೋಮ್ ತೆಗೆಸಿದ ಕ್ಯಾಪಿಗೆ ನೆನೆಸಿದ ವಿಭೂತಿಯನ್ನು ಹೆಬ್ಬೆರಳಲ್ಲಿ ತೆಳ್ಳಗೆ ಬಳಿದು, ಆರಿದ ಮೇಲೆ ಪೆನ್ಸಿಲ್ಲಿನಲ್ಲಿ ಎಲೆ ಬರೆದು, ಸೂಜಿಯಲ್ಲಿ ಅದೇ ಗೆರೆ ಹಿಡಿದು ಗೀರಿ, ಆಮೇಲೆ ಒರೆಸುವುದು. ವಿಭೂತಿ ಹೋದರೂ ಸೂಜಿಯ ಗೀರು ಉಳಿಯುತ್ತದೆ. ಕ್ಯಾಪನ್ನು ಅಕ್ಕಸಾಲಿಗಳ ಹಾಗೆ ಅರಗಿನಲ್ಲಿ ಕೂರಿಸಿ, ಅರಗಿನ ಬಟ್ಟಲನ್ನು ಮರಳು ತುಂಬಿದ ಚರ್ಮದ ಚೀಲದ ಮೇಲೆ ಇಟ್ಟರೆ, ಬಾಗು ಬಂದ ಕಡೆ ಉಳಿ ತಿರುಗಿಸಬೇಕಿಲ್ಲ, ಬಟ್ಟಲು ತಿರುಗಿಸಿದರಾಯಿತು. ನನ್ನ ಉಳಿ ಹಳೇ ಡ್ರಿಲ್ ಬಿಟ್‌ಗೆ ನಾನೇ ಸಾಣೆ ಹಿಡಿದು ಮಾಡಿಕೊಂಡದ್ದು. ಅದರ ತುದಿಯ ಅಡಿಯಲ್ಲಿ, ಕೂದಲೆಳೆಯಷ್ಟು ಜಾಗದಲ್ಲಿ, ಒಂದು ಸಣ್ಣ ಹಿಮ್ಮಡಿ ತೀಡಬೇಕು. ಆ ಹಿಮ್ಮಡಿಯನ್ನು ಕನ್ನಡಿಯಾಗುವತನಕ ಚರ್ಮದ ಮೇಲೆ ಉಜ್ಜಬೇಕು. ಲೋಹ ಸೀಳಿ ಮುಂದೆ ಹೋಗುವಾಗ ಹಿಂದೆ ಆ ಹಿಮ್ಮಡಿ ಗೆರೆಯ ಗೋಡೆಯನ್ನು ಸವರಿಕೊಂಡೇ ಬರುತ್ತದೆ. ಗೆರೆ ಹುಟ್ಟುವಾಗಲೇ ಹೊಳೆಯುತ್ತ ಹುಟ್ಟುತ್ತದೆ. ಎಲೆಯ ನರ ಬೆಳಕು ಹತ್ತಿಕೊಂಡು ಓಡುವುದು ಇದರಿಂದ. ದೊಡ್ಡ ದೊಡ್ಡ ಮೆಷಿನ್ ಇಟ್ಟುಕೊಂಡವರೂ ಈ ಹಿಮ್ಮಡಿಯ ಗೊಡವೆಗೆ ಹೋಗುವುದಿಲ್ಲ. ಅವರ ಗೆರೆ ನೇರವಾಗಿರುತ್ತದೆ, ಆದರೆ ಮಂಕು.

ಇಷ್ಟು ಮಾಡಿದ್ದನ್ನು ಕೆಡಿಸಲು ಐದು ನಿಮಿಷ ಸಾಕು. ಹೋದ ವರ್ಷ ಒಂದು ಹೆಡ್‌ಲೈಟ್ ರಿಂಗಿನ ಮೇಲೆ ಸುತ್ತಲೂ ಬಳ್ಳಿ ಕೆತ್ತಿ ಪ್ಲೇಟಿಂಗ್‌ಗೆ ಕೊಟ್ಟಿದ್ದೆ. "ಬಫಿಂಗ್ ನಾನೇ ಮಾಡಿದ್ದೀನಿ, ನೀವು ಮುಟ್ಟಬೇಡಿ" ಅಂತ ಚೀಟಿ ಬರೆದು ಕಟ್ಟಿದ್ದೆ. ಬಂದದ್ದು ಚೊಕ್ಕ ಹೊಳೆಯುವ ರಿಂಗು, ಬಳ್ಳಿ ಮಾತ್ರ ಬಾಯಿಗೆ ಹಾಕಿ ಚೀಪಿದ ಕಲ್ಲುಸಕ್ಕರೆ ಹಾಗೆ. ಅಂಚೆಲ್ಲ ಕರಗಿ, ಬಳ್ಳಿಯೋ ಹುಳವೋ ಗೊತ್ತಾಗದಂತೆ. ಬಫ್ ಚಕ್ರ ಗೆರೆಗೆ ಅಡ್ಡಡ್ಡ ಓಡಿಸಿದ್ದರು. "ಚೆನ್ನಾಗಿ ಪಾಲಿಶ್ ಮಾಡಿ ಕೊಟ್ಟಿದ್ದೀವಲ್ಲ ಸಾರ್" ಅಂದರು. ಅವರಿಗೆ ಮೋಸ ಮಾಡುವ ಮನಸ್ಸಿರಲಿಲ್ಲ, ಅದು ಗೊತ್ತು. ಆದರೂ ಆ ರಿಂಗನ್ನು ಕಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಂದಿನಿಂದ ನಾನು ಬೇಕಾದ್ದಕ್ಕಿಂತ ಅರ್ಧ ಪಾಲು ಹೆಚ್ಚು ಆಳವಾಗಿಯೇ ಕೆತ್ತುತ್ತೇನೆ, ನಿಕ್ಕಲಿಗೂ ಮೊದಲಿನ ತಾಮ್ರದ ಪದರ ಕೂತಾದ ಮೇಲೆ ಬಫ್ ಮಾಡುವಾಗ ನಾನೇ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ.

ಎಲ್ಲೆಲ್ಲಿ ಕೆತ್ತಬಾರದು ಅನ್ನುವುದಕ್ಕೂ ಒಂದು ಲೆಕ್ಕವಿದೆ. ಎಚ್.ಡಿ. ಕೋಟೆಯ ಹುಡುಗನೊಬ್ಬ ಬಂದು, ಮುಂದಿನ ಫೋರ್ಕ್ ಪೈಪಿನ ಮೇಲೆ ಹುಲಿ ಹೊಡೆದುಕೊಡಿ ಅಂದ. "ಅಲ್ಲಿ ಬ್ಯಾಡ ಕಣಪ್ಪ, ಸೀಲು ಹರ್ದೋಯ್ತದೆ, ಆಯಿಲ್ ಎಲ್ಲಾ ಸುರ್ದೋಯ್ತದೆ" ಅಂದೆ. ಹ್ಯಾಂಡಲ್ಲಿಗೂ ಬೇಡ, ಭಾರ ಹೊರುವ ಪೈಪಿನಲ್ಲಿ ಒಂದು ಚೂಪು ಗೆರೆ ಬಿದ್ದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಕೊನೆಗೆ ಅವನಿಗೆ ಟ್ಯಾಂಕ್ ಕ್ಯಾಪಿನ ಮೇಲೆ ಕಬಿನಿ ಹಿನ್ನೀರಿಗೆ ಇಳಿಯುವ ಆನೆ ಮರಿ ಮಾಡಿಕೊಟ್ಟೆ. ತಲೆಬುರುಡೆ, ಬೆಂಕಿ, ಹದ್ದು ಎಲ್ಲಿಂದಲೋ ಬಂದ ಚಿತ್ರಗಳು. ಆನೆ ಅವನ ಊರಿನ ಹೊಲಕ್ಕೇ ಬರುತ್ತದೆ.

ಇದನ್ನೆಲ್ಲ ಯೋಚಿಸುತ್ತ ಮನೆಗೆ ಬಂದರೆ, ನೀರು ಕುಡಿಯಲು ಕೈಗೆ ಸಿಕ್ಕಿದ್ದು ಅಜ್ಜಿಯ ಹಿತ್ತಾಳೆ ಚೊಂಬು. ಕುತ್ತಿಗೆ ಕೆಳಗೆ ಚುಕ್ಕಿಯಲ್ಲಿ ಅಜ್ಜಿಯ ಹೆಸರು. ಚಿಕ್ಕವನಾಗಿದ್ದಾಗ ಪಾತ್ರೆ ಅಂಗಡಿಯಲ್ಲಿ ಹೆಸರು ಹೊಡೆಯುವವರನ್ನು ನಿಂತು ನೋಡುತ್ತಿದ್ದೆ. ಪೆನ್ಸಿಲ್ ಇಲ್ಲ, ಗೆರೆ ಇಲ್ಲ, ಎಡಗೈಯಲ್ಲಿ ಮೊಳೆಯಂಥ ಉಳಿ, ಬಲಗೈಯಲ್ಲಿ ಸಣ್ಣ ಸುತ್ತಿಗೆ, ಟಕಟಕಟಕ. 'ಮ್ಮ' ಒತ್ತಿನ ಸುರುಳಿಯೂ ಒಂದೇ ಉಸಿರಿಗೆ ತಿರುಗಿಬಿಡುತ್ತಿತ್ತು. ಚೊಂಬನ್ನು ಬಲ್ಬಿನ ಕೆಳಗೆ ಹಿಡಿದು ತಿರುಗಿಸಿದೆ. ನನ್ನ ಎಲೆಯ ಗೆರೆ ಓರೆ ಮಾಡಿದಾಗ ಮಾತ್ರ ಕಾಣುತ್ತದೆ. ಈ ಹೆಸರು ಯಾವ ಕಡೆ ತಿರುಗಿಸಿದರೂ ಕಾಣುತ್ತದೆ! ಚುಕ್ಕಿ ಅಂದರೆ ಒಂದು ಪುಟ್ಟ ಬಟ್ಟಲು. ಬೆಳಕು ಎಲ್ಲಿಂದ ಬಂದರೂ ಅದರ ಒಂದು ಅಂಚಿಗೆ ಸಿಕ್ಕೇ ಸಿಗುತ್ತದೆ. ಮೇಲಾಗಿ ಚುಕ್ಕಿಯಲ್ಲಿ ಲೋಹ ತೆಗೆಯುವುದಿಲ್ಲ, ಬರೀ ಒಳಗೆ ತಳ್ಳುವುದು. ಸಣ್ಣಗೆ ಒತ್ತೊತ್ತಾಗಿ ಹೊಡೆದರೆ ಬಫ್ ಚಕ್ರವೂ ಅದರ ತಳ ಮುಟ್ಟಲಾರದು.

ಕೆ.ಆರ್. ನಗರದ ಗೆಳೆಯನ ಜಾವಾದ ರಿಂಗು ಬೆಂಚಿನ ಮೇಲೆ ಬಿದ್ದು ಎರಡು ತಿಂಗಳಾಯಿತು. ಭತ್ತದ ತೆನೆ ಬೇಕು ಅಂದಿದ್ದ, ಗೆರೆಯಲ್ಲಿ ಕಾಳು ತುಂಬಿಕೊಂಡ ಹಾಗೆ ಕಾಣುತ್ತಿರಲಿಲ್ಲ. ಆ ರಾತ್ರಿಯೇ ಒಂದು ಮೊಳೆಯ ಮೊನೆ ದುಂಡಗೆ ತೀಡಿ, ಹಳೇ ತಗಡಿನ ಮೇಲೆ ಕಾಳಿಗೆ ಏಳು ಚುಕ್ಕಿ ಹೊಡೆದು ನೋಡಿದೆ. ಏಳು ಹೆಚ್ಚಾಯಿತು. ಐದಕ್ಕೆ ಕಾಳು ತುಂಬಿಕೊಂಡಿತು.