ಕಾಮರ್ಸ್ ಡೈರಿ, ಭಾಗ 7: ಸಂಬಳ ಅಲ್ಲ, ಇತರೆ ಖರ್ಚು

ಹೋದ ಭಾಗ ತುಂಬಾ ಜನ ಸೇವ್ ಮಾಡ್ಕೊಂಡ್ರಿ, ಥ್ಯಾಂಕ್ಸ್. ಇವತ್ತಿನದು ಮನೆ ವಿಷಯ. ಸ್ವಲ್ಪ ಉದ್ದ ಇದೆ, ಕೊನೆವರೆಗೂ ಓದಿ.

ಬ್ಯಾಂಕಿಗೆ ಹೋದಾಗ ನೀವು ಇವರನ್ನ ನೋಡೇ ಇರ್ತೀರ. ಚಲನ್ ಎಲ್ಲಿ ಅಂದ್ರೆ ತೋರಿಸ್ತಾರೆ, ಕನ್ನಡಕ ಮರೆತು ಬಂದ ಅಜ್ಜಿಗೆ ಫಾರಂ ತುಂಬಿಕೊಡ್ತಾರೆ, ಫೈಲು ಹೊತ್ಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ತಾರೆ. ಬೆಳಿಗ್ಗೆ ಕಸ ಗುಡಿಸಿದ್ದೂ ಅವರೇ, ಕುಡಿಯೋ ನೀರು ತುಂಬಿಟ್ಟಿದ್ದೂ ಅವರೇ. ನಾವು ಅವರನ್ನ ಬ್ಯಾಂಕಿನವರು ಅಂದ್ಕೊಂಡಿರ್ತೀವಿ. ಬ್ಯಾಂಕಿನ ಲೆಕ್ಕದಲ್ಲಿ ಅವರು ಬ್ಯಾಂಕಿನವರಲ್ಲ.

ನನ್ನ ಸೋದರಮಾವ ಅಂಥವರಲ್ಲೊಬ್ಬರು. 2008ರಿಂದ 2021ರವರೆಗೆ ಒಂದು ಸರ್ಕಾರಿ ಬ್ಯಾಂಕಿನ ಶಾಖೆಯಲ್ಲಿ ದಿನಗೂಲಿ ಮೇಲೆ ದುಡಿದರು. ಯಾವ ಬ್ಯಾಂಕು ಅಂತ ಹೇಳಲ್ಲ, ಕೇಸು ನಡೀತಿದೆ. 13 ವರ್ಷದಲ್ಲಿ ಐದು ಜನ ಮ್ಯಾನೇಜರ್ ಬದಲಾದರು, ಮಾವ ಅಲ್ಲೇ ಇದ್ದರು. ಒಂದು ಸಂಜೆ "ನಾಳೆಯಿಂದ ಏಜೆನ್ಸಿಯವರು ಬರ್ತಾರೆ, ನೀವು ಬರೋದು ಬೇಡ" ಅಂದರಂತೆ. ಕಾಗದ ಇಲ್ಲ, ನೋಟಿಸ್ ಇಲ್ಲ. ಸೇರಿಸ್ಕೊಂಡಾಗಲೂ ಕಾಗದ ಇರ್ಲಿಲ್ಲ ಬಿಡಿ.

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಫೈನಲ್ ಅಕೌಂಟ್ಸಲ್ಲಿ ಸ್ಯಾಲರೀಸ್ ಅಂತ ಒಂದು ಹೆಡ್, ಸಂಡ್ರಿ ಎಕ್ಸ್‌ಪೆನ್ಸಸ್ ಅಂತ ಇನ್ನೊಂದು ಹೆಡ್ ಬರೀತೀವಲ್ಲ? ಮಾವನ ಕೂಲಿ ಯಾವತ್ತೂ ಮೊದಲನೇ ಹೆಡ್ಡಿಗೆ ಹೋಗ್ಲೇ ಇಲ್ಲ. ವೋಚರ್ ಮೇಲೆ ಒಮ್ಮೆ ಕ್ಲೀನಿಂಗ್ ಚಾರ್ಜ್, ಒಮ್ಮೆ ನೀರಿನ ಖರ್ಚು. ಕೆಲವು ತಿಂಗಳು ಅತ್ತೆಯ ಹೆಸರಲ್ಲೂ ವೋಚರ್ ಆಗಿದೆ. ಪರೀಕ್ಷೆಯಲ್ಲಿ ಹೆಡ್ ತಪ್ಪು ಬರೆದರೆ ಅರ್ಧ ಮಾರ್ಕು ಹೋಗುತ್ತೆ. ಮಾವನಿಗೆ 13 ವರ್ಷ ಹೋಯ್ತು.

ಯಾಕೆ ಹೀಗೆ ಮಾಡ್ತಾರೆ? ಉತ್ತರ ಒಂದು ನಂಬರಲ್ಲಿದೆ: 240.

ಮಾವನ ಕೇಸು ಇರೋದು 1947ರ ಕೈಗಾರಿಕಾ ವಿವಾದ ಕಾಯ್ದೆ ಅಡಿ. ಅದರ ಪ್ರಕಾರ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದರೆ ಒಂದು ವರ್ಷದ ನಿರಂತರ ಸೇವೆ ಅಂತ ಲೆಕ್ಕ. ಆಮೇಲೆ ತೆಗೀಬೇಕಂದ್ರೆ ಒಂದು ತಿಂಗಳ ನೋಟಿಸ್ ಇಲ್ಲಾ ಆ ತಿಂಗಳ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಕಾಯಂ ಸೌಲಭ್ಯ ತಪ್ಪಿಸೋಕಂತಲೇ ವರ್ಷಗಟ್ಟಲೆ ತಾತ್ಕಾಲಿಕ ಅಂತ ಇಟ್ಕೊಂಡ್ರೆ, ಅದೇ ಕಾಯ್ದೆಯ 5ನೇ ಅನುಸೂಚಿ ಅದನ್ನ ಅನುಚಿತ ಕಾರ್ಮಿಕ ಪದ್ಧತಿ ಅನ್ನುತ್ತೆ. 1976ರಲ್ಲೇ ಸ್ಟೇಟ್ ಬ್ಯಾಂಕಿನ ತಾತ್ಕಾಲಿಕ ನೌಕರರೊಬ್ಬರ ಕೇಸಲ್ಲಿ ನ್ಯಾ. ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಅವಧಿ ಮುಗೀತು ಅಂತ ಆದೇಶದಲ್ಲೇ ಬರೆದಿದ್ರೂ ಅದು ಕೆಲಸದಿಂದ ತೆಗೆದ ಹಾಗೇ ಅಂತ ಹೇಳಿತ್ತು.

ಆದರೆ 240 ದಿನ ದುಡಿದಿದ್ದೀನಿ ಅಂತ ತೋರಿಸೋ ಹೊಣೆ ಕೆಲಸಗಾರನದ್ದೇ. ಬರೀ ಅಫಿಡವಿಟ್ ಸಾಲದು ಅಂತ 2002ರಲ್ಲಿ ನಮ್ಮ ರಾಜ್ಯದ ಅರಣ್ಯ ಇಲಾಖೆಯ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಾಖಲೆ ಎಲ್ಲಾ ಬ್ಯಾಂಕಿನ ಬೀರುವಿನಲ್ಲಿ. ಮಾವನ ಹತ್ರ ಇದ್ದದ್ದು ಕ್ಯಾಲೆಂಡರು, ಅದೂ ಅದೇ ಬ್ಯಾಂಕು ಹೊಸ ವರ್ಷಕ್ಕೆ ಕೊಟ್ಟಿದ್ದು. ಕೂಲಿ ಲೆಕ್ಕಕ್ಕೆ ಅಂತ ಅತ್ತೆ ಕೆಲಸಕ್ಕೆ ಹೋದ ದಿನಕ್ಕೆಲ್ಲ ಪೆನ್ನಲ್ಲಿ ಸುತ್ತು ಹಾಕಿದ್ದಾರೆ. 13ರಲ್ಲಿ 9 ಉಳಿದಿವೆ. ಎರಡನೇ ಫೋಟೋ ಅದೇ. ವೋಚರ್, ರವಾನೆ ರಿಜಿಸ್ಟರ್ ಹಾಜರುಪಡಿಸಿ ಅಂತ ವಕೀಲರು ಅರ್ಜಿ ಹಾಕಿದ್ದಾರೆ.

ಈಗ ನನ್ನ ಕ್ಲಾಸಲ್ಲಿ ಎದ್ದ ಪ್ರಶ್ನೆಗೆ ಬರ್ತೀನಿ. ಡಿಗ್ರಿ ಮುಗಿದ ಮೇಲೆ ಬರೆಯೋಕಂತ ನಾವು ಕೆಲವರು ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಓದ್ತಿದೀವಿ. "ನಾವು ಪ್ರಿಲಿಮ್ಸ್, ಮೇನ್ಸ್ ಅಂತ ಒದ್ದಾಡ್ಬೇಕು, ಇವರು ಕೋರ್ಟಿಗೆ ಹೋಗಿ ಕಾಯಂ ಆಗ್ಬೇಕಾ?" ಅಂದ ಒಬ್ಬ ಗೆಳೆಯ. ನಿಮಗೂ ಹಾಗನ್ಸಿದ್ರೆ ತಪ್ಪಿಲ್ಲ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹಿಡಿದ ದಾರಿಯೂ ಹೆಚ್ಚುಕಮ್ಮಿ ಇದೇ. ಕೇಸಿನ ಹೆಸರು ಕರ್ನಾಟಕ ಸರ್ಕಾರ ವರ್ಸಸ್ ಉಮಾದೇವಿ. ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ವಿಷಯ. ಸರ್ಕಾರಿ ಕೆಲಸಕ್ಕೆ ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಎಷ್ಟು ವರ್ಷ ದುಡಿದರೂ ಅಷ್ಟಕ್ಕೇ ಕಾಯಂ ಆಗೋ ಹಕ್ಕು ಬರಲ್ಲ ಅಂದಿತು ಕೋರ್ಟು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಬಲ ಇಲ್ಲದೆ 10 ವರ್ಷ ದುಡಿದವರಿಗೆ ಮಾತ್ರ ಒಂದು ಸಲದ ಅವಕಾಶ ಕೊಡಿ ಅಂತಲೂ ಹೇಳಿತು. 2008ರಲ್ಲಿ ಸೇರಿದ ಮಾವನಿಗೆ ಆ ಬಾಗಿಲೂ ಇಲ್ಲ.

ಹಾಗಾದ್ರೆ ಕೇಸು ಯಾಕೆ? ಯಾಕಂದ್ರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅನುಚಿತ ಕಾರ್ಮಿಕ ಪದ್ಧತಿ ಸಾಬೀತಾದರೆ ಕೈಗಾರಿಕಾ ಕೋರ್ಟಿಗಿರೋ ಅಧಿಕಾರವನ್ನ ಉಮಾದೇವಿ ತೀರ್ಪು ಕಿತ್ಕೊಳ್ಳಲ್ಲ ಅಂತ 2009ರಲ್ಲಿ ಮಹಾರಾಷ್ಟ್ರ ಸಾರಿಗೆ ಸಂಸ್ಥೆಯ ಕೇಸಲ್ಲಿ ಹೇಳಿದರು. 2024ರ ಡಿಸೆಂಬರ್ 20ರಂದು ಜಗ್ಗೋ ಕೇಸಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದಶಕಗಟ್ಟಲೆ ಕ್ಲೀನಿಂಗ್, ತೋಟದ ಕೆಲಸ ಮಾಡಿ 2018ರಲ್ಲಿ ಹೊರಬಿದ್ದವರನ್ನ ಕಾಯಂ ಮಾಡಿ ಅಂತ ಸುಪ್ರೀಂ ಕೋರ್ಟ್ ಆದೇಶಿಸಿತು. ಉಮಾದೇವಿ ತೀರ್ಪನ್ನ ಇಂಥವರ ವಿರುದ್ಧ ಯಾಂತ್ರಿಕವಾಗಿ ಬಳಸಬಾರದು ಅಂತಲೂ ಎಚ್ಚರಿಸಿತು.

ಗೆಲ್ತಾರೆ ಅಂತ ನಾನು ಹೇಳಲ್ಲ. ಎಷ್ಟೋ ದಿನಗೂಲಿ ಕೇಸುಗಳಲ್ಲಿ ಕೆಲಸ ವಾಪಸ್ ಸಿಗಲ್ಲ, ಒಂದಿಷ್ಟು ಪರಿಹಾರಕ್ಕೆ ಮುಗಿಯುತ್ತೆ. ಮಾವನಿಗೆ 49. ಬೆಂಗಳೂರಿನ ಕೇಂದ್ರ ಕೈಗಾರಿಕಾ ನ್ಯಾಯಮಂಡಳಿಗೆ ಪ್ರತಿ ಡೇಟಿಗೂ ರಾತ್ರಿ ಬಸ್ಸಲ್ಲಿ ಹೋಗ್ತಾರೆ. ಆ ದಿನದ ಗಾರೆ ಕೆಲಸದ ಕೂಲಿ ಹೋಯ್ತು ಅಂತಲೇ ಲೆಕ್ಕ. "ಕಾಯಂ ಬೇಡ ಕಣೋ, ಅಲ್ಲಿ ಕೆಲಸ ಮಾಡಿದ್ದೆ ಅಂತ ಒಂದು ಕಾಗದ ಕೊಡ್ಲಿ ಸಾಕು" ಅಂತಾರೆ ಕೆಲವೊಮ್ಮೆ. ಅತ್ತೆ ಒಪ್ಪಲ್ಲ.

ಗೆಳೆಯನಿಗೆ ನಾನು ಹೇಳಿದ್ದಿಷ್ಟು: ಹುದ್ದೆಗೆ ಅರ್ಜಿ ಕರೆದು, ಮಾವ ಪರೀಕ್ಷೆ ಬರೀದೆ ಒಳಗೆ ಬಂದಿದ್ರೆ ನೀನು ಕೇಳೋದು ಸರಿ. ಆ ಶಾಖೆಯ ಆ ಕೆಲಸಕ್ಕೆ 13 ವರ್ಷದಲ್ಲಿ ಒಂದು ಸಲವೂ ಅರ್ಜಿ ಕರೀಲಿಲ್ಲ. ಕೆಲಸ ಮಾತ್ರ ದಿನಾ ಇತ್ತು. ನಿನ್ನ ಸೀಟು ತಗೊಂಡಿದ್ದು ಮಾವ ಅಲ್ಲ, ಆ ಸೀಟೇ ಇಲ್ಲ ಅಂತ ಬರೆದ ವೋಚರು.

ನಿಮ್ಮ ಮನೇಲೂ ಯಾರಾದ್ರೂ ಹೀಗೆ ದುಡೀತಿದ್ರೆ ಇವತ್ತೇ ಮೂರು ಕೆಲಸ ಮಾಡಿ. ಕೂಲಿ ಕೈಗೆ ಬೇಡ, ಅಕೌಂಟಿಗೆ ಹಾಕಿ ಅಂತ ಕೇಳಿ, ಪಾಸ್‌ಬುಕ್ ಎಂಟ್ರಿ ದೊಡ್ಡ ಸಾಕ್ಷಿ. ಕೆಲಸದ ವಾಟ್ಸಾಪ್ ಮೆಸೇಜು ಡಿಲೀಟ್ ಮಾಡಬೇಡಿ. ಹೋದ ದಿನ, ಮಾಡಿದ ಕೆಲಸ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ತೆಗೆದುಹಾಕಿದ್ರೆ ತಡ ಮಾಡದೆ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ, ವರ್ಷ ಕಳೆದಷ್ಟೂ ಕೇಸು ಸಡಿಲ ಆಗುತ್ತೆ.

ಬೇಕಾದವರಿಗೆ ಶೇರ್ ಮಾಡಿ. ಮುಂದಿನ ಭಾಗದಲ್ಲಿ ಪಿಎಫ್ ಬಗ್ಗೆ ಬರೀತೀನಿ.