ಕಂಪ್ಲಿ ಹೊಳೆಯ ನೀರುನಾಯಿಗಳು

ಬ್ರೂಸ್‌ಪೇಟೆಯಲ್ಲಿ ಏಪ್ರಿಲ್ ಬಿಸಿಲು ಏರಿತೆಂದರೆ ಮಕ್ಕಳ ಬಾಯಲ್ಲಿ ಸಮುದ್ರದ್ದೇ ಮಾತು. ಮುರುಡೇಶ್ವರಕ್ಕೆ ಹೋಗಬೇಕು, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ಹವಳದ ನಡುವೆ ಬಣ್ಣಬಣ್ಣದ ಮೀನು. ಆಸೆ ಒಳ್ಳೆಯದೇ. ಆದರೂ ಬಳ್ಳಾರಿಯವರು ಮೊದಲು ಕುರುಗೋಡಿನ ಮೇಲೆ ಹಾದು ಕಂಪ್ಲಿಗೆ ಹೋಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿಂಗಪುರಕ್ಕೆ ಹೋದವರು ಅಲ್ಲಿನ ನೀರುನಾಯಿಗಳನ್ನು ಕಂಡು ಮುಗಿಬಿದ್ದು ಫೋಟೊ ತೆಗೆಯುತ್ತಾರಲ್ಲ, ಅದೇ ಜಾತಿಯ ನೀರುನಾಯಿ ನಮ್ಮ ತುಂಗಭದ್ರೆಯಲ್ಲಿ ಸಂಸಾರ ಹೂಡಿದೆ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ನೋಡಲು ಬೇಸಿಗೆಯೇ ಸರಿಯಾದ ಕಾಲ. ನೀರು ಇಳಿದು ಬಂಡೆಗಳು ಹೊರಬೀಳುತ್ತವೆ. ಮೀನೆಲ್ಲ ಮಡುಗಳಿಗೆ ಸೇರುತ್ತವೆ. ಮೊದಲು ಸಿಗುವುದು ಪ್ರಾಣಿಯಲ್ಲ, ಅದರ ಹಿಕ್ಕೆ. ಹೊಳೆಯ ಪಕ್ಕದ ಎತ್ತರದ ಬಂಡೆಯ ಮೇಲೆ, ಎಲ್ಲರಿಗೂ ಕಾಣುವ ಜಾಗದಲ್ಲೇ ಹಾಕಿರುತ್ತವೆ. ಒಣಗಿದ್ದನ್ನು ಕಡ್ಡಿಯಿಂದ ಬಿಡಿಸಿದರೆ ಒಳಗೆ ಮೀನಿನ ಹುರುಪೆ, ಸಣ್ಣ ಮುಳ್ಳು, ಒಮ್ಮೊಮ್ಮೆ ಏಡಿಯ ಚಿಪ್ಪಿನ ಚೂರು. ನಾತ ಮೂಗಿಗೆ ಹೊಡೆಯುತ್ತದೆ. ಮಕ್ಕಳು ಮೂಗು ಹಿಡಿದುಕೊಂಡೇ ಬಗ್ಗಿ ನೋಡುತ್ತಾರೆ.

ಈ ಬಂಡೆಗಳ ಸಂದುಗಳಲ್ಲೇ ಅವುಗಳ ಬಿಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಹೊಳೆಗೆ ನೀರು ನುಗ್ಗಿದಾಗ ಜಿಲ್ಲೆಗೆಲ್ಲ ಭತ್ತದ್ದೇ ಚಿಂತೆ. ಅದು ಸಹಜ. ನನಗೆ ಮಾತ್ರ ಆ ರಾತ್ರಿ ಬಿಲಗಳ ನೆನಪೂ ಬಿಡಲಿಲ್ಲ.

ಮೀನುಗಾರರಿಗೆ ನೀರುನಾಯಿಯ ಮೇಲೆ ಸಿಟ್ಟಿದೆ, ಕಾರಣವೂ ಇದೆ. “ಬಲಿ ಹರದು ಮೀನು ಎಳಕೊಂಡು ಹೋಗ್ತಾವ್ರಿ” ಎಂದ ಹರಿಗೋಲಿನ ಹಿರಿಯ, ಹರಿದ ಬಲೆ ಬಿಚ್ಚಿ ತೋರಿಸುತ್ತ. ಬಲೆಯ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ತೋಟೆ ಸಿಡಿಸಿ ಮೀನು ಹಿಡಿಯುವವರ ಮಾತು ಬಂದಾಗ ಅವನ ದನಿಯೇ ಬೇರೆಯಾಯಿತು. “ಅದು ಮರಿಮೀನನ್ನೂ ಬಿಡಂಗಿಲ್ರಿ. ನಮಗೂ ಇಲ್ಲ, ಅವಕ್ಕೂ ಇಲ್ಲ.”

ಸಂಜೆ ಅವನೇ ಕೈಸನ್ನೆ ಮಾಡಿದ. “ಸುಮ್ನ ಕುಂದ್ರಪಾ, ಮಾತಾಡಿದ್ರ ಬರಂಗಿಲ್ಲ.” ಮಡುವಿನ ಆಚೆ ದಡದಲ್ಲಿ ಸಿಳ್ಳೆಯಂಥ ದನಿ, ಆಮೇಲೆ ಒಂದು ಚಪ್ಪಟೆ ತಲೆ, ಅದರ ಹಿಂದೆ ಇನ್ನೆರಡು. ಮೂರೂ ಒಟ್ಟಿಗೆ ಮುಳುಗಿದವು. ನೀರೊಳಗಿನಿಂದ ಗುಳ್ಳೆಗಳ ಸಾಲೊಂದು ನಮ್ಮ ಕಡೆಗೇ ಹರಿದು ಬಂತು. ದೊಡ್ಡದು ಬಂಡೆ ಹತ್ತಿ, ಮುಂಗಾಲುಗಳಲ್ಲಿ ಮೀನನ್ನು ಒತ್ತಿ ಹಿಡಿದು ತಲೆಯ ಕಡೆಯಿಂದ ಕಡಿಯತೊಡಗಿತು. ಮುಳ್ಳು ಮುರಿಯುವ ಸದ್ದು ನಮ್ಮವರೆಗೂ ಕೇಳುತ್ತಿತ್ತು. ಒದ್ದೆ ಮೈ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಕಾಲ್ಬೆರಳ ನಡುವಿನ ತೊಗಲು ಬಂಡೆಯ ಮೇಲೆ ಅಗಲವಾಗಿ ಹರಡಿತ್ತು. ಮರಿ ಬಂದು ಬಾಲದ ತುಂಡಿಗೆ ಬಾಯಿ ಹಾಕಿದಾಗ ದೊಡ್ಡದು ಗುರುಗುಟ್ಟಿತು, ಆದರೂ ಬಿಟ್ಟುಕೊಟ್ಟಿತು.

ತಿಂದದ್ದು ಬಾಳೆಮೀನೋ ಜಿಲೇಬಿಯೋ ಎಂದು ನನ್ನ ಮಗನಿಗೂ ಅಕ್ಕನ ಮಗಳಿಗೂ ಕುರುಗೋಡು ದಾಟುವವರೆಗೆ ಬಸ್ಸಿನಲ್ಲಿ ಜಗಳ. ಕಂಡಕ್ಟರ್ ಕೂಡ ಬಾಳೆಮೀನಿನ ಕಡೆಗೇ ನಿಂತರು.